ಗೂಗಲ್ ಜಾಹೀರಾತಿಗೆ ಮುಂಚೆ ಬಿಲ್ ಬುಕ್ ತೆಗೆಯಿರಿ

ಮೈಸೂರಿನಲ್ಲಿ ನಮ್ಮ ಭಾವನವರದು ಕಿಟಕಿಗೆ ಸೊಳ್ಳೆ ಮೆಶ್ ಹಾಕಿಕೊಡುವ ಅಂಗಡಿ. ಹೋದ ಮಳೆಗಾಲದಲ್ಲಿ ಯಾರೋ ಹೇಳಿದರು ಅಂತ ಗೂಗಲ್‌ನಲ್ಲಿ ಹುಡುಕಿದವರಿಗೆ ಕಾಣುವ ಜಾಹೀರಾತು ಹಾಕಿದರು. ಮೂರು ವಾರಕ್ಕೆ ಆರು ಸಾವಿರ ಹೋಯಿತು. ಫೋನ್ ಬರಲಿಲ್ಲ ಅಂತಲ್ಲ, ಬಂದವು. ಒಬ್ಬರು ನರ್ಸರಿಗೆ ಶೇಡ್ ನೆಟ್ ಕೇಳಿದರು. ಇನ್ನೊಬ್ಬರಿಗೆ ಕ್ರಿಕೆಟ್ ಪ್ರಾಕ್ಟೀಸ್‌ಗೆ ನೆಟ್ ಬೇಕಿತ್ತು. ಒಬ್ಬ ಹುಡುಗ ‘ಕೆಲಸ ಖಾಲಿ ಇದೆಯಾ ಸಾರ್’ ಅಂದ. ಆರ್ಡರ್ ಆಗಿದ್ದು ಒಂದೇ, ಅದೂ ಬಾತ್‌ರೂಮ್ ಕಿಟಕಿಗೆ.

ಇದೇ ಕತೆ ಬೇರೆ ಬೇರೆ ಅಂಗಡಿಯವರಿಂದ ಕೇಳಿದ್ದೇನೆ. ಎಲ್ಲರೂ ಮೊದಲು ದುಡ್ಡು ಹಾಕುತ್ತಾರೆ, ಆಮೇಲೆ ಲೆಕ್ಕ ಹಾಕುತ್ತಾರೆ. ಅದನ್ನು ತಿರುಗಿಸಿ ಮಾಡಬೇಕು, ಅಷ್ಟೇ.

ಜನ ತಾವಾಗೇ ಹುಡುಕುತ್ತಾರಾ?

ಸಂಪ್ ಕ್ಲೀನ್ ಮಾಡುವವರು, ಬೀಗದ ಕೀ ಮಾಡುವವರು, ಮನೆ ಶಿಫ್ಟ್ ಮಾಡಿಸುವವರು: ಇವರನ್ನು ಜನ ಅಗತ್ಯ ಬಿದ್ದ ಕೂಡಲೇ ಫೋನಿನಲ್ಲಿ ಹುಡುಕುತ್ತಾರೆ. ನಿಮ್ಮ ಮನೆಯ ಚಟ್ನಿಪುಡಿ ಎಷ್ಟೇ ರುಚಿಯಾಗಿರಲಿ, ಅದು ಇದೆ ಅಂತಲೇ ಗೊತ್ತಿಲ್ಲದವರು ಹುಡುಕುವುದು ಹೇಗೆ? ಅಂಥದ್ದಕ್ಕೆ ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಸ್ಟೇಟಸ್ ಸಾಕು. ಸುಮ್ನೆ ಗೂಗಲ್ ಜಾಹೀರಾತಿಗೆ ದುಡ್ಡು ಸುರಿಯಬೇಡಿ.

ಇನ್ನೊಂದು ಮಾತು. ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು, ನಂಬರ್ ತೋರಿಸುವುದು) ಇನ್ನೂ ಮಾಡಿಲ್ಲ ಅಂದರೆ ಈ ಲೇಖನ ಮಡಚಿಟ್ಟು ಮೊದಲು ಅದನ್ನು ಮಾಡಿ. ಪೈಸೆ ಖರ್ಚಿಲ್ಲ.

ಒಂದು ಕ್ಲಿಕ್‌ಗೆ ಎಷ್ಟು ಕೊಡಬಹುದು?

ಎಲ್ಲರೂ ಎಡವುವುದು ಇಲ್ಲೇ. ಗೂಗಲ್ ಆ್ಯಡ್ಸ್‌ನಲ್ಲಿ ಸಾಮಾನ್ಯವಾಗಿ ನಿಮ್ಮ ಜಾಹೀರಾತನ್ನು ಯಾರಾದರೂ ಒತ್ತಿದಾಗ ಮಾತ್ರ ದುಡ್ಡು ಹೋಗುತ್ತದೆ. ಒತ್ತಿದವರೆಲ್ಲ ಫೋನ್ ಮಾಡುವುದಿಲ್ಲ. ಫೋನ್ ಮಾಡಿದವರೆಲ್ಲ ಆರ್ಡರ್ ಕೊಡುವುದಿಲ್ಲ. ಆದ್ದರಿಂದ ಹಿಂದಿನಿಂದ ಮುಂದಕ್ಕೆ ಬರಬೇಕು.

ಬಿಲ್ ಬುಕ್ ತೆಗೆದು ಕೊನೆಯ ಇಪ್ಪತ್ತು ಬಿಲ್ ನೋಡಿ. ಭಾವನವರ ಲೆಕ್ಕದಲ್ಲಿ ಒಂದು ಮನೆಯ ಸರಾಸರಿ ಬಿಲ್ 6,000 ರೂಪಾಯಿ. ‘ಹಂಗಾದ್ರೆ ಒಂದು ಗಿರಾಕಿಗೆ ಸಾವಿರ ಖರ್ಚು ಮಾಡಿದರೂ ಲಾಭವೇ’ ಅಂದರು. ಅಲ್ಲ. ಅಲ್ಯುಮಿನಿಯಂ ಫ್ರೇಮು, ಜಾಲರಿ, ಇಬ್ಬರು ಹುಡುಗರ ಕೂಲಿ, ಅಳತೆಗೆ ಒಮ್ಮೆ, ಕೂರಿಸಲು ಒಮ್ಮೆ ಹೋಗಿಬರುವ ಪೆಟ್ರೋಲು, ಎಲ್ಲ ಕಳೆದ ಮೇಲೆ ಕೈಯಲ್ಲಿ ಉಳಿಯುವುದು 1,500. ಲೆಕ್ಕ ಶುರುವಾಗುವುದು ಇಲ್ಲಿಂದ, 6,000ದಿಂದಲ್ಲ.

ನಾಲ್ಕು ಜನ ವಿಚಾರಿಸಿದರೆ ಒಬ್ಬರು ಮಾಡಿಸುತ್ತಾರೆ. ಇದು ಅವರ ಅನುಭವ. ಹತ್ತು ಜನ ಒತ್ತಿದರೆ ಒಬ್ಬರು ಫೋನ್ ಮಾಡುತ್ತಾರೆ ಅಂತ ಹಿಡಿಯೋಣ. ಇದು ಊಹೆ, ಆಮೇಲೆ ತಿದ್ದಿಕೊಳ್ಳಬಹುದು. ಅಲ್ಲಿಗೆ ಒಂದು ಆರ್ಡರ್‌ಗೆ 40 ಕ್ಲಿಕ್ ಬೇಕು. 1,500ನ್ನು 40ರಿಂದ ಭಾಗಿಸಿ: 37 ರೂಪಾಯಿ 50 ಪೈಸೆ. ಮೇಲೆ 18% ಜಿಎಸ್‌ಟಿ ಇದೆಯಲ್ಲ, ಅದನ್ನು ಬಿಟ್ಟರೆ ಕ್ಲಿಕ್‌ಗೆ ಕೊಡಬಹುದಾದ್ದು ಸುಮಾರು 31 ರೂಪಾಯಿ. ಕಾಂಪೊಸಿಷನ್ ಸ್ಕೀಮ್‌ನಲ್ಲಿದ್ದರೆ ಈ ತೆರಿಗೆಯ ಇನ್‌ಪುಟ್ ಕ್ರೆಡಿಟ್ (ಕಟ್ಟಿದ ತೆರಿಗೆಯನ್ನು ಮುರಿದುಕೊಳ್ಳುವ ಅವಕಾಶ) ಸಿಗುವುದಿಲ್ಲ, ಪೂರ್ತಿ ನಿಮ್ಮ ಖರ್ಚೇ.

31 ರೂಪಾಯಿ ಕೊಟ್ಟರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬಿಸಿಲಲ್ಲಿ ಏಣಿ ಹತ್ತಿದ್ದಕ್ಕೆ ಏನೂ ಗಿಟ್ಟಲಿಲ್ಲ ಅಂತ. ಅರ್ಧವಾದರೂ ಉಳಿಯಬೇಕು ಅಂದರೆ 15-16 ರೂಪಾಯಿ. ನಾನು ಈ ಅರ್ಧದ ಲೆಕ್ಕವನ್ನೇ ಹಿಡಿಯಿರಿ ಅನ್ನುತ್ತೇನೆ.

ಈಗ ಗೂಗಲ್ ಆ್ಯಡ್ಸ್ ಒಳಗಿನ ಕೀವರ್ಡ್ ಪ್ಲಾನರ್ ತೆರೆಯಿರಿ (ಕೀವರ್ಡ್ ಅಂದರೆ ಜನ ಹುಡುಕುವ ಪದ). ‘ಮಸ್ಕಿಟೊ ಮೆಶ್’ ಅಂತ ಹಾಕಿ ನಿಮ್ಮ ಊರು ಆರಿಸಿದರೆ ತಿಂಗಳಿಗೆ ಸುಮಾರು ಎಷ್ಟು ಜನ ಹುಡುಕುತ್ತಾರೆ, ಪುಟದ ಮೇಲ್ಭಾಗಕ್ಕೆ ಬರಲು ಬೇರೆಯವರು ಒಂದು ಕ್ಲಿಕ್‌ಗೆ ಎಷ್ಟರಿಂದ ಎಷ್ಟರವರೆಗೆ ಬಿಡ್ ಮಾಡುತ್ತಿದ್ದಾರೆ ಅಂತ ತೋರಿಸುತ್ತದೆ. ಆ ಕಡಿಮೆ ದರವೇ ನಿಮ್ಮ 16 ದಾಟಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ‘ಇಷ್ಟು ಖರ್ಚು ಮಾಡಿದರೆ ಅಷ್ಟು ಫ್ರೀ’ ಅನ್ನುವ ಕೂಪನ್ ನೋಡಿ ಮನಸ್ಸು ಬದಲಿಸಬೇಡಿ. ಕೂಪನ್ ಮುಗಿದ ಮರುದಿನ ಅದೇ ದರ.

ಫೋನ್ ಮಾಡಿ ‘ಮೊದಲ ಪುಟ ಗ್ಯಾರಂಟಿ ಸಾರ್’ ಅನ್ನುವವರೂ ಇದ್ದಾರೆ. ಯಾರ ಜಾಹೀರಾತು ಮೇಲೆ ಬರಬೇಕು ಅನ್ನುವುದು ಪ್ರತಿ ಹುಡುಕಾಟಕ್ಕೂ ಹೊಸದಾಗಿ ನಡೆಯುವ ಹರಾಜು. ಗ್ಯಾರಂಟಿ ಕೊಡಲು ಯಾರಿಗೂ ಆಗುವುದಿಲ್ಲ. ಕೆಲಸ ಹೊರಗೆ ಕೊಟ್ಟರೂ ಅಕೌಂಟ್ ನಿಮ್ಮ ಇಮೇಲ್‌ನಲ್ಲೇ ಇರಲಿ.

ದರ ಹೊಂದಿದರೆ, ಸಣ್ಣ ಪರೀಕ್ಷೆ

ದಿನಕ್ಕೆ 200 ರೂಪಾಯಿ ಇಡಿ. ಗೂಗಲ್ ಒಂದೊಂದು ದಿನ ಅದರ ಎರಡು ಪಟ್ಟು, 400ರವರೆಗೂ ತೆಗೆಯಬಹುದು, ಗಾಬರಿ ಬೇಡ. ತಿಂಗಳಿಗೆ 30.4 ದಿನದ ಲೆಕ್ಕ, ಅಂದರೆ ತೆರಿಗೆ ಬಿಟ್ಟು 6,080 ದಾಟುವುದಿಲ್ಲ. ಡಿಸ್‌ಪ್ಲೇ ನೆಟ್‌ವರ್ಕ್‌ನ (ಬೇರೆ ವೆಬ್‌ಸೈಟ್, ಆ್ಯಪ್‌ಗಳಲ್ಲಿ ಕಾಣುವ ಜಾಹೀರಾತು) ಟಿಕ್ ತೆಗೆಯಿರಿ. ಊರಿನ ಆಯ್ಕೆಯಲ್ಲಿ ‘ಪ್ರೆಸೆನ್ಸ್’ (ಊರಲ್ಲಿ ಇರುವವರು) ಮಾತ್ರ ಇರಲಿ. ‘ಇಂಟರೆಸ್ಟ್’ ಕೂಡ ಇದ್ದರೆ ಮೈಸೂರಿನ ಬಗ್ಗೆ ಆಸಕ್ತಿ ತೋರಿಸಿದ ಹೊರಗಿನವರಿಗೂ ಜಾಹೀರಾತು ಹೋಗಬಹುದು. ದಸರಾ ನೋಡಲು ಬರುವವರಿಗೆ ಸೊಳ್ಳೆ ಮೆಶ್ ಯಾಕೆ ಅಲ್ವಾ?

ಕೀವರ್ಡನ್ನು ಸುಮ್ಮನೆ ಟೈಪ್ ಮಾಡಿದರೆ ಅದು ಬ್ರಾಡ್ ಮ್ಯಾಚ್, ಏನೇನೋ ಹುಡುಕಿದವರಿಗೆಲ್ಲ ಕಾಣಿಸುತ್ತದೆ. ಭಾವನವರಿಗೆ ಕ್ರಿಕೆಟ್‌ನವರು ಬಂದಿದ್ದು ಹೀಗೆ. ಕೀವರ್ಡನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ (" ") ಹಾಕಿ, ಆಗ ಅದು ಫ್ರೇಸ್ ಮ್ಯಾಚ್, ಅದೇ ಅರ್ಥದ ಮಾತು ಹುಡುಕಿದವರಿಗೆ ಕಾಣಿಸುತ್ತದೆ. ವಾರಕ್ಕೆರಡು ಸಲ ಸರ್ಚ್ ಟರ್ಮ್ಸ್ ಪಟ್ಟಿ (ಜನ ನಿಜವಾಗಿ ಏನು ಹುಡುಕಿದಾಗ ನಿಮ್ಮ ಜಾಹೀರಾತು ಕಂಡಿತು ಅನ್ನುವುದು) ನೋಡಿ, ‘ಜಾಬ್’, ‘ಕ್ರಿಕೆಟ್’, ‘ಶೇಡ್’ ಇಂಥವನ್ನು ನೆಗೆಟಿವ್ ಕೀವರ್ಡ್ ಮಾಡಿ, ಆಗ ಅವನ್ನು ಹುಡುಕಿದವರಿಗೆ ಜಾಹೀರಾತು ಹೋಗುವುದಿಲ್ಲ. ಆಪ್ಟಿಮೈಸೇಷನ್ ಸ್ಕೋರ್ ಅಂತ ಒಂದು ಶೇಕಡಾ ಕಾಣುತ್ತದೆ. ಅದು ಪರೀಕ್ಷೆಯ ಮಾರ್ಕ್ಸ್ ಅಲ್ಲ, ಅದನ್ನು ನೂರು ಮಾಡಲು ಬಜೆಟ್ ಏರಿಸಬೇಡಿ.

ಬೆಳಿಗ್ಗೆ ಎದ್ದು ನಿಮ್ಮ ಜಾಹೀರಾತನ್ನು ನೀವೇ ಹುಡುಕಿ ಒತ್ತಿ ನೋಡಬೇಡಿ. ಭಾವ ದಿನಾ ಮಾಡುತ್ತಿದ್ದರು! ನೋಡಲೇಬೇಕೆಂದರೆ ಅಕೌಂಟ್ ಒಳಗೇ ಪ್ರಿವ್ಯೂ ಇದೆ.

ಗಲ್ಲಾಪೆಟ್ಟಿಗೆ ಪಕ್ಕ ಒಂದು ನೋಟ್‌ಬುಕ್ ಇಡಿ. ಫೋನ್ ಬಂದಾಗಲೆಲ್ಲ ‘ನಮ್ಮ ನಂಬರ್ ಎಲ್ಲಿ ಸಿಕ್ತು?’ ಅಂತ ಕೇಳಿ ಬರೆಯಿರಿ. ನೂರು ಕ್ಲಿಕ್ ಆದ ಮೇಲೆ ಎಷ್ಟು ಫೋನ್, ಎಷ್ಟು ಆರ್ಡರ್ ಅಂತ ಎಣಿಸಿ ಮೊದಲ ಲೆಕ್ಕವನ್ನು ತಿದ್ದಿ. ಒಂದೂ ಆರ್ಡರ್ ಇಲ್ಲವಾದರೆ ನಿಲ್ಲಿಸಿ.

ಭಾವ ಮೆಶ್‌ನ ಜಾಹೀರಾತು ನಿಲ್ಲಿಸಿದ್ದಾರೆ. ಆದರೆ ಆ ಸರ್ಚ್ ಟರ್ಮ್ಸ್ ಪಟ್ಟಿಯಲ್ಲಿ ಬಾಲ್ಕನಿಗೆ ಪಾರಿವಾಳದ ನೆಟ್ ಹುಡುಕಿದವರು ಹನ್ನೊಂದು ಜನ ಇದ್ದರು. ಅದನ್ನೂ ಇವರು ಹಾಕಿಕೊಡುತ್ತಾರೆ. ಮೊನ್ನೆ ಹೋದಾಗ ಹಳೆ ಬಿಲ್ ಬುಕ್‌ನಲ್ಲಿ ನೆಟ್‌ನ ಬಿಲ್‌ಗಳಿಗೆಲ್ಲ ಕೆಂಪು ಪೆನ್ನಲ್ಲಿ ಗುರುತು ಹಾಕುತ್ತಾ ಕೂತಿದ್ದರು.