ಓನರ್ ಫೈನಾನ್ಸಲ್ಲಿ ಮನೆ ಮಾರೋದಾದ್ರೆ ನೋಟು ಹೆಂಗ್ ಬರೆಸ್ಬೇಕು

ಟೆಕ್ಸಾಸಲ್ಲಿ ಬಾಡಿಗೆ ಮನೆ ಇರೋರು, ಬಾಡಿಗೆದಾರರ ಸಹವಾಸ ಸಾಕಪ್ಪಾ, ಮಾರ್ಬಿಟ್ಟು ಬ್ಯಾಂಕ್ ಬದ್ಲು ನಾವೇ ಕಂತು ತಗೊಳ್ಳೋಣ ಅಂತಿದ್ರೆ, ನೋಟು (ಕೊಳ್ಳೋರು ಸಾಲ ಹಿಂಗೆ ತೀರಿಸ್ತೀನಿ ಅಂತ ಬರ್ಕೊಡೋ ಪತ್ರ) ಬರೆಸೋವಾಗ್ಲೇ ಇದನ್ನ ನಾಳೆ ಇನ್ನೊಬ್ರಿಗೆ ಮಾರ್ತೀನಿ ಅನ್ಕೊಂಡು ಬರೆಸಿ.

ಲೆಕ್ಕ ನೋಡಿ. 2 ಲಕ್ಷ ಡಾಲರ್ ಮನೆ, 20 ಸಾವಿರ ಡೌನ್ ಪೇಮೆಂಟ್, ಉಳಿದ 1.8 ಲಕ್ಷಕ್ಕೆ 8% ಬಡ್ಡಿ, 30 ವರ್ಷ. ಕಂತು 1,320.78 ಡಾಲರ್, ಮೊದಲ್ನೇ ತಿಂಗಳು ಅದ್ರಲ್ಲಿ 1,200 ಬರೀ ಬಡ್ಡಿ. 5 ವರ್ಷ ಕಟ್ಟಿದ್ಮೇಲೂ ಬಾಕಿ ಸುಮಾರು 1,71,100. ಆಗ ಅರ್ಜೆಂಟ್ ದುಡ್ಡು ಬೇಕು ಅಂತ ನೋಟು ಮಾರಕ್ಕೆ ಹೋದ್ರೆ, 10% ರಿಟರ್ನ್ ಬೇಕು ಅನ್ನೋನು ಕೊಡೋದು 1,45,300 ಅಷ್ಟೇ. ಅದಕ್ಕೇ ಬಡ್ಡಿ ಕಮ್ಮಿ ಮಾಡಿ ಮನೆ ಬೆಲೆ ಏರ್ಸೋಣ ಅನ್ನೋ ಐಡಿಯಾ ನಂಗಿಷ್ಟ ಇಲ್ಲ.

ಡೌನ್ ಪೇಮೆಂಟ್ 10%ಗಿಂತ ಕೆಳಗಿಳಿಬೇಡಿ, ಕೈಯಿಂದ ದುಡ್ಡು ಹಾಕದೇ ಇರೋನು ಮನೆ ಬಿಟ್ಟು ಹೋಗಕ್ಕೆ ಹಿಂದೆಮುಂದೆ ನೋಡಲ್ಲ.

ಕೊಳ್ಳೋರು ಅಲ್ಲೇ ವಾಸ ಮಾಡೋರಾದ್ರೆ ಡಾಡ್-ಫ್ರಾಂಕ್ ಅನ್ನೋ ಅಮೆರಿಕದ ಸಾಲದ ಕಾನೂನು ಬರುತ್ತೆ. 12 ತಿಂಗಳಲ್ಲಿ 3 ಮನೆ ತನಕ ವಿನಾಯಿತಿ ಇದೆ, ಆದ್ರೆ ಬಲೂನ್ (ಕೊನೇಲಿ ಉಳಿದಿದ್ದೆಲ್ಲಾ ಒಂದೇ ಸಲ ಕಟ್ಟೋ ದೊಡ್ಡ ಕಂತು) ಇಡಂಗಿಲ್ಲ, ಅವ್ರಿಗೆ ಕಟ್ಟೋ ಶಕ್ತಿ ಇದ್ಯಾ ಅಂತ ಸಂಬಳದ ಕಾಗದ ನೋಡ್ಬೇಕು (ಅದ್ರ ಕಾಪಿ ಫೈಲಲ್ಲಿಡಿ). ವರ್ಷಕ್ಕೆ ಒಂದೇ ಮನೆ, ಅದೂ ಎಲ್‌ಎಲ್‌ಸಿ ಕಂಪನಿ ಹೆಸ್ರಲ್ಲಿ ಅಲ್ಲ ನಿಮ್ಮ ಸ್ವಂತ ಹೆಸ್ರಲ್ಲಿದ್ರೆ, ಬಲೂನ್ ಇಡಬೋದು.

ನೋಟಿನ ಜೊತೆ ಡೀಡ್ ಆಫ್ ಟ್ರಸ್ಟ್ (ಸಾಲಕ್ಕೆ ಮನೆನೇ ಅಡಮಾನ ಅನ್ನೋ ಪತ್ರ) ಮಾಡ್ಸಿ ಕೌಂಟಿ ಕ್ಲರ್ಕ್ ಹತ್ರ ರೆಕಾರ್ಡ್ ಮಾಡ್ಸಲೇಬೇಕು. ಇಲ್ಲಾಂದ್ರೆ ನಿಮ್ದು ಬರೀ ಕೈಸಾಲದ ಪ್ರೋನೋಟು. ಅದಿದ್ರೆ ಕಂತು ನಿಂತಾಗ ಕೋರ್ಟಿಗೆ ಅಲೀದೆ, ಸರಿಮಾಡ್ಕೊಳ್ಳಕ್ಕೆ 20 ದಿನದ ನೋಟಿಸು, ಆಮೇಲೆ 21 ದಿನದ ಹರಾಜು ನೋಟಿಸು ಕೊಟ್ಟು, ತಿಂಗಳ ಮೊದಲ್ನೇ ಮಂಗಳವಾರ ಹರಾಜಿಗೆ ಹಾಕಬೋದು. ಪ್ರಾಪರ್ಟಿ ಟ್ಯಾಕ್ಸ್, ಇನ್ಶೂರೆನ್ಸ್ ದುಡ್ಡು ಕಂತಿನ ಜೊತೆನೇ ಎಸ್ಕ್ರೋಗೆ (ಅದಕ್ಕಂತ್ಲೇ ಎತ್ತಿಡೋ ಖಾತೆಗೆ) ಬರ್ಲಿ, ಪಾಲಿಸಿಲಿ ನಿಮ್ಮ ಹೆಸ್ರು ಇರ್ಲಿ.

ಮನೆ ಮೇಲೆ ನಿಮ್ದೇ ಹಳೇ ಲೋನ್ ಇದ್ರೆ ಹುಷಾರು, ಡ್ಯೂ-ಆನ್-ಸೇಲ್ (ಮನೆ ಮಾರಿದ್ರೆ ಸಾಲ ತೀರಿಸ್ಬೇಕು ಅನ್ನೋ ಷರತ್ತು) ಅಂತ ಬ್ಯಾಂಕಿನವ್ರು ಪೂರ್ತಿ ಬಾಕಿ ಒಂದೇ ಸಲ ಕೇಳಬೋದು. ಟ್ಯಾಕ್ಸಿಗೆ ಫಾರ್ಮ್ 6252 ಇದೆ, ಲಾಭದ ಮೇಲಿನ ತೆರಿಗೆ ಕಂತು ಬಂದಂಗೆ ಕಟ್ಟಬೋದು, ಇಷ್ಟು ವರ್ಷ ಕಟ್ಟಡಕ್ಕೆ ತಗೊಂಡ ಡಿಪ್ರಿಸಿಯೇಷನ್ನಿನ (ಸವಕಳಿ ಅಂತ ತೆರಿಗೆಲಿ ಕಳೆದಿದ್ದು) ಭಾಗಕ್ಕೂ ಸಾಮಾನ್ಯವಾಗಿ ಕಂತು ಬಂದಂಗೇ ತೆರಿಗೆ, ಆದ್ರೆ ಫ್ರಿಡ್ಜ್, ಕಾರ್ಪೆಟ್ ತರದ ಸಾಮಾನಿಗೆ ತಗೊಂಡ ಡಿಪ್ರಿಸಿಯೇಷನ್ನಿನ ರೀಕ್ಯಾಪ್ಚರ್ (ಅದನ್ನ ವಾಪಸ್ ಆದಾಯಕ್ಕೆ ಸೇರ್ಸೋದು) ಮಾತ್ರ ಮಾರಿದ ವರ್ಷನೇ ಪೂರ್ತಿ ಮೈಮೇಲೆ ಬರುತ್ತೆ, ಡೌನ್ ಪೇಮೆಂಟಲ್ಲಿ ಅದಕ್ಕೆ ದುಡ್ಡು ಎತ್ತಿಟ್ಕೊಳ್ಳಿ.

ಕಂತು ಕ್ಯಾಶಲ್ಲಿ ಬೇಡ, ಕಂತು ವಸೂಲಿ ಮಾಡಿ ಲೆಕ್ಕ ಇಡೋ ಸರ್ವಿಸಿಂಗ್ ಕಂಪನಿ ಮೂಲಕನೇ ಬರ್ಲಿ, ನೋಟು ಮಾರೋವಾಗ ಎಲ್ರೂ ಮೊದ್ಲು ಕೇಳೋದು ಆ ಪೇಮೆಂಟ್ ಹಿಸ್ಟರಿ. ಸಹಿ ಹಾಕಿದ ಒರಿಜಿನಲ್ ನೋಟು ಬ್ಯಾಂಕ್ ಲಾಕರಲ್ಲಿಡಿ.