ಆಳಸಮುದ್ರದ ಬ್ರಿಟಲ್ ಸ್ಟಾರ್‌ಗಳನ್ನು ನಾನು ಎಣಿಸಿದ ಬಗೆ

ನಾಲ್ಕು ಸಾವಿರ ಮೀಟರಿಗೂ ಆಳದ ಕಡಲತಳದ ಫೋಟೋಗಳಲ್ಲಿ ನಕ್ಷತ್ರಮೀನಿನ ಸಂಬಂಧಿಗಳಾದ ಬ್ರಿಟಲ್ ಸ್ಟಾರ್‌ಗಳನ್ನು ಎಣಿಸುವ ಕೆಲಸಕ್ಕೆ ಕುಳಿತಾಗ, ಐದು ತೋಳಿನ ಪ್ರಾಣಿಯನ್ನು ಗುರುತಿಸುವುದರಲ್ಲಿ ಏನು ಕಷ್ಟವಿದ್ದೀತು ಎಂದುಕೊಂಡಿದ್ದೆ. ಮೊದಲ ವಾರದ ಎಣಿಕೆಯನ್ನು ಪೂರ್ತಿ ಕೈಬಿಡಬೇಕಾಯಿತು. ಮೈಯನ್ನು ಕೆಸರಿನಲ್ಲಿ ಹುದುಗಿಸಿಕೊಂಡು ತೋಳಿನ ತುದಿಗಳನ್ನಷ್ಟೇ ಹೊರಗೆ ಚಾಚಿದ ಒಂದೇ ಪ್ರಾಣಿಯನ್ನು ನಾನು ಎರಡೋ ಮೂರೋ ಎಂದು ಬರೆದುಕೊಂಡಿದ್ದೆ. ಅಂದಿನಿಂದ ನಡುವಿನ ಬಿಲ್ಲೆ, ಅಂದರೆ ತೋಳುಗಳು ಕೂಡುವ ದುಂಡನೆಯ ಮೈ, ಕಂಡರೆ ಮಾತ್ರ ಎಣಿಸುತ್ತೇನೆ. ಬರೀ ತೋಳುಗಳು ಕಂಡರೆ, ಅವು ಒಂದೇ ಬಿಂದುವಿನತ್ತ ಸೇರುತ್ತವೆಯೇ ಎಂದು ನೋಡಿ ‘ಹೂತದ್ದು’ ಎಂಬ ಬೇರೆ ಕಾಲಮ್ಮಿಗೆ ಹಾಕುತ್ತೇನೆ.

ಗಾತ್ರಕ್ಕೂ ಬಿಲ್ಲೆಯೇ ಆಧಾರ. ಕ್ಯಾಮೆರಾದ ಜೊತೆಗಿದ್ದ ಎರಡು ಲೇಸರ್‌ಗಳು 10 ಸೆಂ.ಮೀ. ಅಂತರದಲ್ಲಿ ಮೂಡಿಸುವ ಚುಕ್ಕೆಗಳನ್ನು ಅಳತೆಗೋಲಾಗಿಟ್ಟುಕೊಂಡು ಬಿಲ್ಲೆಯ ವ್ಯಾಸವನ್ನು ಅಳೆದೆ. ತೋಳಿನ ಉದ್ದವನ್ನು ನಂಬುವಂತಿಲ್ಲ, ಏಕೆಂದರೆ ಅದು ಮುರಿಯುತ್ತದೆ, ಮತ್ತೆ ಬೆಳೆಯುತ್ತದೆ. ಮೇಲೆತ್ತಿದ ಮಾದರಿಯೊಂದರಲ್ಲಿ ದಪ್ಪ ತೋಳು ಥಟ್ಟನೆ ನಿಂತು, ಅಲ್ಲಿಂದ ಮುಂದೆ ಹಗ್ಗಕ್ಕೆ ದಾರ ಗಂಟು ಹಾಕಿದಂತೆ ತೆಳ್ಳನೆಯ, ಬಿಳಿಚಿದ ತುದಿ ಬೆಳೆದಿತ್ತು.

ಫೋಟೋ ಮರೆಮಾಚುವುದು ಮರಿಗಳನ್ನು. ಉತ್ತರ ಅಟ್ಲಾಂಟಿಕ್‌ನ ರಾಕಾಲ್ ಟ್ರಫ್ ಎಂಬ ಕಡಲತಳದ ತಗ್ಗಿನಲ್ಲಿ ಒಫಿಯೂರಾ ಲ್ಯುಂಗ್‌ಮನಿ ಎಂಬ ಪ್ರಭೇದ ಋತುವಿಗನುಗುಣವಾಗಿ ಸಂತಾನೋತ್ಪತ್ತಿ ಮಾಡುತ್ತದೆ. ಅಲ್ಲಿ ನೆಲೆಯೂರುವ ಮಿಲಿಮೀಟರ್ ಅಳತೆಯ ಮರಿಗಳು ಸಿಗುವುದು ಕೆಸರನ್ನು ಸೋಸುವ ಸಣ್ಣ ಕಣ್ಣಿನ ಜರಡಿಯಲ್ಲೇ ಹೊರತು ಚಿತ್ರದಲ್ಲಲ್ಲ. ಹೀಗಾಗಿ ಎರಡೂ ಎಣಿಕೆಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳದೆ ನಾನು ಸಂಖ್ಯೆಯ ಏರಿಳಿತದ ಬಗ್ಗೆ ಮಾತನಾಡುವುದಿಲ್ಲ. ಏರಿಳಿತವಂತೂ ನಿಜವಾಗಿ ನಡೆಯುತ್ತದೆ: ಸುಮಾರು 4,850 ಮೀಟರ್ ಆಳದಲ್ಲಿರುವ, ಈಶಾನ್ಯ ಅಟ್ಲಾಂಟಿಕ್‌ನ ಪೋರ್ಕ್ಯುಪೈನ್ ಬಯಲಿನಲ್ಲಿ 1990ರ ದಶಕದ ಉತ್ತರಾರ್ಧದಲ್ಲಿ ಆಂಪೆರಿಮಾ ಎಂಬ ಕಡಲಸೌತೆಯ ಜೊತೆಗೆ ಒಫಿಯೊಕ್ಟೆನ್ ಹಸ್ಟಾಟಮ್ ಎಂಬ ಪುಟ್ಟ ಬ್ರಿಟಲ್ ಸ್ಟಾರ್ ಕೂಡ ವಿಪರೀತ ಹೆಚ್ಚಿತು. ಮೇಲ್ಮೈಯಲ್ಲಿ ಹೇರಳವಾಗಿ ಬೆಳೆದು ಸತ್ತ ಸಸ್ಯಪ್ಲವಕಗಳು, ಅಂದರೆ ನೀರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ಹಸಿರು ಪುಡಿಯಂತೆ ತಳಕ್ಕೆ ಬಂದು ಬೀಳುವುದೇ ಇವುಗಳ ಊಟ, ಅದು ಬದಲಾದರೆ ತಳದ ಜನಸಂಖ್ಯೆಯೂ ಬದಲಾಗುತ್ತದೆ.

ಹವಳದ ಕೊಂಬೆಗಳಲ್ಲಿ ನಾನು ಬಹಳ ತಡವಾಗಿ ಕಣ್ಣಾಡಿಸಿದೆ. ಮೆಟಲೊಗೋರ್ಗಿಯಾ ಹವಳದ ಮೇಲೆ ಸಾಮಾನ್ಯವಾಗಿ ಒಂದೊಂದೇ ಒಫಿಯೊಕ್ರಿಯಾಸ್ ಈಡಿಪಸ್ ಎಂಬ ಬ್ರಿಟಲ್ ಸ್ಟಾರ್ ವಾಸಿಸುತ್ತದೆ. ಅದರ ಸುತ್ತಿಕೊಂಡ ತೋಳು ಕೊಂಬೆಯಂತೆಯೇ ಕಾಣುವುದರಿಂದ, ಕೆಸರಿಗೆ ಒಗ್ಗಿದ ಕಣ್ಣು ಅದನ್ನು ದಾಟಿಹೋಗುತ್ತದೆ.

ಹೆಸರಿಡುವುದರಲ್ಲಿ ಮಾತ್ರ ನಾನು ಜಿಪುಣ. ಫೋಟೋದಲ್ಲಿ ಕಂಡದ್ದಕ್ಕೆ ‘ರೂಪ-ಎ’, ‘ರೂಪ-ಬಿ’ ಎಂದಷ್ಟೇ ಬರೆಯುತ್ತೇನೆ: ಪ್ರಭೇದವನ್ನು ಖಚಿತಪಡಿಸುವ ಲಕ್ಷಣಗಳಲ್ಲಿ ಎಷ್ಟೋ ಬಾಯಿಯ ಸುತ್ತಲಿನ ಫಲಕಗಳಲ್ಲಿರುತ್ತವೆ, ಕ್ಯಾಮೆರಾಕ್ಕೆ ಕಾಣುವುದು ಬೆನ್ನು.