ಮಲೆನಾಡಿನಲ್ಲಿ ಟ್ರೆಂಚ್ ಕೋಟು: ಕೊಳ್ಳುವವರಿಗೆ ಒಂದಿಷ್ಟು ಸಲಹೆ

ತೀರ್ಥಹಳ್ಳಿ, ಹೊಸನಗರ ಕಡೆಯ ಗೆಳೆಯರೇ, ಟ್ರೆಂಚ್ ಕೋಟನ್ನು, ಅಂದರೆ ಸೊಂಟಪಟ್ಟಿ ಇರುವ ಉದ್ದನೆಯ ಕೋಟನ್ನು, ಮಳೆಗಾಲಕ್ಕೆಂದು ಕೊಳ್ಳಬೇಡಿ. ಅದರ ಮೂಲ ಬಟ್ಟೆ ಗ್ಯಾಬರ್ಡೀನ್, 1879ರಲ್ಲಿ ಇಂಗ್ಲೆಂಡಿನ ಬಟ್ಟೆ ವ್ಯಾಪಾರಿ ಥಾಮಸ್ ಬರ್ಬೆರಿ ರೂಪಿಸಿದ ಒತ್ತು ನೇಯ್ಗೆ. ತುಂತುರನ್ನು ಅದು ತಡೆಯುತ್ತದೆ, ಆಗುಂಬೆಯ ಜಡಿಮಳೆಯನ್ನಲ್ಲ. ಆಷಾಢಕ್ಕೆ ರೇನ್‌ಕೋಟೇ ಸರಿ. ಟ್ರೆಂಚ್ ಕೋಟಿನ ಕಾಲ ಬರುವುದು ದೀಪಾವಳಿ ಕಳೆದ ಮೇಲೆ, ಮಂಜು ಬೀಳುವ ಬೆಳಗುಗಳಲ್ಲಿ.

ಕೊಳ್ಳುವಾಗ ಸ್ವೆಟರ್ ಹಾಕಿಕೊಂಡೇ ತೊಟ್ಟು ನೋಡಿ, ಮೊದಲು ಭುಜವನ್ನು ಗಮನಿಸಿ. ಉದ್ದವನ್ನು ದರ್ಜಿ ಸುಲಭವಾಗಿ ತಗ್ಗಿಸಿಕೊಡುತ್ತಾರೆ, ಭುಜವನ್ನು ಸರಿಪಡಿಸುವುದು ಕಷ್ಟ. ಎತ್ತರ ಕಡಿಮೆ ಇರುವವರಿಗೆ ಕೋಟು ಮಂಡಿಗಿಂತ ತುಸು ಮೇಲೆ ನಿಂತರೆ ಚೆಂದ. ಹೊಸ ಕೋಟಿನ ಹಿಂಭಾಗದ ಸೀಳನ್ನು ಅಡ್ಡಡ್ಡ ದಾರದಿಂದ ಹೊಲಿದಿರುತ್ತಾರೆ. ಅಂಗಡಿ ತಲುಪುವವರೆಗೆ ಮಡಿಕೆ ಕೆಡದಿರಲಿ ಎಂದು ಹಾಕಿದ ಹೊಲಿಗೆ ಅದು, ದಯವಿಟ್ಟು ಬಿಚ್ಚಿ! ಎಷ್ಟೋ ಜನ ಹಾಗೆಯೇ ತೊಟ್ಟು ಓಡಾಡುವುದನ್ನು ಕಂಡಾಗ ನಿಲ್ಲಿಸಿ ಹೇಳಬೇಕೆನಿಸುತ್ತದೆ. ಸೊಂಟಪಟ್ಟಿಯನ್ನು ಬಕಲ್‌ಗೆ ಸೇರಿಸದೆ ಸಡಿಲವಾಗಿ ಗಂಟು ಹಾಕಿದರೆ ಕೋಟಿಗೆ ಸಹಜವಾದ ಆಕಾರ ಬರುತ್ತದೆ. ಸೀರೆಯ ಮೇಲಾದರೆ ಗುಂಡಿ ಹಾಕದೆ ಬಿಡಿ, ನೆರಿಗೆ ಕಾಣಲಿ. ಬೈಕಿನಲ್ಲಿ ಕೂರುವಾಗ ಅಂಚನ್ನೂ ಪಟ್ಟಿಯನ್ನೂ ಚಕ್ರಕ್ಕೆ ಸಿಗದಂತೆ ಮಡಿಚಿಕೊಳ್ಳಲೇಬೇಕು.

ದಪ್ಪ ಉಣ್ಣೆಯ ಓವರ್‌ಕೋಟು ನನ್ನ ಮಟ್ಟಿಗೆ ಇಲ್ಲಿಗೆ ಹೆಚ್ಚೇ ಆಯಿತು. ಶಿವಮೊಗ್ಗ ಪೇಟೆಯಲ್ಲಿ ಹೊತ್ತೇರುತ್ತಲೇ ಬೆವರು ಬರುತ್ತದೆ. ಈಗಾಗಲೇ ಇದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಬೂಷ್ಟು ಹಿಡಿಯುತ್ತದೆ. ಹಳೆಯ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ಇಟ್ಟು, ಮಳೆ ಬಿಡುವು ಕೊಟ್ಟ ದಿನ ಹೊರಗೆ ಗಾಳಿಗೆ ಹಾಕಿ.